ಕತ್ತಿಯ ಹಿಡಿಯೂ ಅಲಗೂ ಕೂಡುವ ಬಗೆ: ತಂಜಾವೂರು ಆಯುಧಶಾಲೆಯ ಸಾಕ್ಷ್ಯ

1851ರಲ್ಲಿ ಸ್ಥಾಪಿತವಾಗಿ ಈಗ ಚೆನ್ನೈ ನಗರದ ಎಗ್ಮೋರಿನಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಅಮರಾವತಿಯ ಶಿಲ್ಪಗಳನ್ನೂ ಚೋಳರ ಕಾಲದ ಕಂಚಿನ ವಿಗ್ರಹಗಳನ್ನೂ ನೋಡಲು ಹೋಗುವವರು ಬಹುಮಂದಿ. ಅಲ್ಲಿನ ಆಯುಧಗಳ ಮುಂದೆ ನಿಲ್ಲುವವರು ವಿರಳ. ಆದರೆ ವಿಜಯನಗರದ ಚರಿತ್ರೆಯಲ್ಲಿ ಆಸಕ್ತಿಯುಳ್ಳ ಕನ್ನಡಿಗರಿಗೆ ಈ ಕತ್ತಿ-ಕಠಾರಿಗಳು ಶಾಸನಗಳಿಗಿಂತ ಕಡಮೆ ಬೆಲೆಯ ಸಾಮಗ್ರಿಯಲ್ಲ. ಇವುಗಳಲ್ಲಿ ಮುಖ್ಯವಾದವು ತಂಜಾವೂರಿನ ಅರಮನೆಯ ಆಯುಧಶಾಲೆಯಿಂದ ಬಂದವು.

ತಂಜಾವೂರು 16ನೆಯ ಶತಮಾನದಲ್ಲಿ ವಿಜಯನಗರಕ್ಕೆ ಅಧೀನರಾದ ನಾಯಕರ ಆಳ್ವಿಕೆಯಲ್ಲಿತ್ತು. 1565ರ ಯುದ್ಧದ ತರುವಾಯ ತುಂಗಭದ್ರೆಯ ದಡದ ರಾಜಧಾನಿ ಹಾಳಾಯಿತು; ಕಾವೇರಿಯ ಬಯಲಿನ ಈ ಆಸ್ಥಾನವು ಉಳಿಯಿತು. 1670ರ ದಶಕದಲ್ಲಿ ನಾಯಕರು ಅಳಿದು, ಬೆಂಗಳೂರಿನ ಜಹಗೀರನ್ನು ಹೊಂದಿದ್ದ ಏಕೋಜಿಯು ತಂಜಾವೂರಿನ ಅರಸನಾದನು. 1855ರಲ್ಲಿ ಆ ವಂಶದ ಕೊನೆಯ ದೊರೆ ಗಂಡುಸಂತಾನವಿಲ್ಲದೆ ತೀರಿಕೊಂಡನು. 1863ರಲ್ಲಿ ಬ್ರಿಟಿಷ್ ಸರ್ಕಾರವು ಆಯುಧಶಾಲೆಯನ್ನು ವಿಲೇವಾರಿ ಮಾಡಿತು. ಆಯ್ದ ಆಯುಧಗಳು ಮದರಾಸಿನ ವಸ್ತುಸಂಗ್ರಹಾಲಯವನ್ನು ಸೇರಿದವು. ಉಳಿದವುಗಳಲ್ಲಿ ಹೆಚ್ಚಿನವನ್ನು ಮುರಿದು ಲೋಹದ ಬೆಲೆಗೆ ಮಾರಲಾಯಿತು.

ಹೀಗೆ ಮೂರು ಆಳ್ವಿಕೆಗಳನ್ನು ದಾಟಿ ಬಂದ ಕತ್ತಿಯೊಂದನ್ನು ಯಾವ ಕಾಲದ್ದು, ಯಾವ ನಾಡಿನದು ಎಂದು ನಿರ್ಣಯಿಸುವುದು ಹೇಗೆ? ಕನ್ನಡನಾಡಿನ ವೀರಗಲ್ಲುಗಳಲ್ಲಿಯೂ ಹಂಪೆಯ ಭಿತ್ತಿಶಿಲ್ಪಗಳಲ್ಲಿಯೂ ಕತ್ತಿ ಹಿಡಿದ ಯೋಧರು ಎಷ್ಟೋ ಮಂದಿ ಇದ್ದಾರೆ. ಆದರೆ ಕಲ್ಲಿನಲ್ಲಿ ಕಾಣುವುದು ಕತ್ತಿಯ ಹೊರರೂಪ ಮಾತ್ರ. ಹಿಡಿಯೂ ಅಲಗೂ ಒಂದರೊಡನೊಂದು ಹೇಗೆ ಕೂಡಿದ್ದುವೆಂಬುದನ್ನು ಶಿಲ್ಪಿಯು ತೋರಿಸಲಾರನು. ಅದಕ್ಕೆ ನಿಜವಾದ ಕಬ್ಬಿಣವೇ ಸಾಕ್ಷಿ.

ಅಲಗಿನ ಬುಡವು ಕಿರಿದಾಗಿ, ಬಾಲದಂತೆ ಹಿಡಿಯೊಳಗೆ ಹೊಗುತ್ತದೆ. ಕುಡುಗೋಲಿನ ಬಾಲವನ್ನು ಕಾಯಿಸಿ ಮರದ ಹಿಡಿಗೆ ಇಳಿಸುವುದನ್ನು ಹಳ್ಳಿಯ ಕುಲುಮೆಯಲ್ಲಿ ಕಂಡವರಿಗೆ ಇದು ಹೊಸದಲ್ಲ. ಕತ್ತಿಯಲ್ಲಿ ಈ ಬಾಲವನ್ನು ಭದ್ರಪಡಿಸುವ ಕ್ರಮಗಳು ದೇಶದಿಂದ ದೇಶಕ್ಕೆ ಬೇರೆ. ಯೂರೋಪಿನಲ್ಲಿ ಸಾಮಾನ್ಯವಾಗಿ ಬಾಲವು ಹಿಡಿಯ ಉದ್ದಕ್ಕೂ ಹಾದು ತುದಿಯ ಗುಂಡಿನಿಂದ ಹೊರಬರುತ್ತದೆ. ಹೊರಬಂದ ಮೊನೆಯನ್ನು ಬಡಿದು ಅಗಲಿಸುತ್ತಾರೆ. ಜಪಾನಿನಲ್ಲಿ ಹಿಡಿಗೂ ಬಾಲಕ್ಕೂ ಅಡ್ಡಲಾಗಿ ಬಿದಿರಿನ ಗೂಟವನ್ನು ತೂರಿಸುತ್ತಾರೆ. ಗೂಟವನ್ನು ತೆಗೆದರೆ ಹಿಡಿ ಕಳಚುತ್ತದೆ. ಅನೇಕ ಕತ್ತಿಗಳಲ್ಲಿ ಬಾಲದ ಮೇಲೆ ಕಮ್ಮಾರನ ಹೆಸರೇ ಕೆತ್ತಿರುತ್ತದೆ.

ಭಾರತದಲ್ಲಿ ಪ್ರಚಾರದಲ್ಲಿದ್ದ ಕ್ರಮಗಳು ಮುಖ್ಯವಾಗಿ ಎರಡು. ಮೊದಲನೆಯದು ಅರಗಿನ ಕ್ರಮ. ತಲವಾರಿನ ಹಿಡಿಯು ಒಳಗೆ ಪೊಳ್ಳಾದ ಲೋಹದ ಕೋಶ. ಅದರಲ್ಲಿ ಅರಗು ಮೊದಲಾದ ಅಂಟುಗಳನ್ನೂ ಇಟ್ಟಿಗೆಯ ಪುಡಿಯಂತಹ ನುಣ್ಣನೆಯ ಪದಾರ್ಥವನ್ನೂ ತುಂಬಿ, ಕಾಯಿಸಿ, ಅಲಗಿನ ಗಿಡ್ಡ ಬಾಲವನ್ನು ಅದರೊಳಗೆ ಒತ್ತುತ್ತಾರೆ. ಆರಿದ ಮೇಲೆ ಅರಗು ಗಟ್ಟಿಯಾಗಿ ಬಾಲವನ್ನು ಸುತ್ತಲೂ ಕಚ್ಚಿಕೊಳ್ಳುತ್ತದೆ; ಮೊಳೆಯ ಅಗತ್ಯವೇ ಇಲ್ಲ. ಅಕ್ಕಸಾಲಿಗರು ಪೊಳ್ಳಾದ ಒಡವೆಗಳಿಗೆ ಅರಗು ತುಂಬುವುದನ್ನು ಬಲ್ಲ ವಾಚಕರಿಗೆ ಇದರ ಮರ್ಮ ಸುಲಭವಾಗಿ ತಿಳಿದೀತು. ಹಿಡಿಯನ್ನು ಮತ್ತೆ ಕಾಯಿಸಿದರೆ ಅರಗು ಮೆತ್ತಗಾಗಿ ಅಲಗು ಸಡಿಲುತ್ತದೆ. ಮುರಿದ ಅಲಗನ್ನು ತೆಗೆದು ಬೇರೊಂದನ್ನು ಕೂಡಿಸುವುದು ಇದರಿಂದ ಸುಲಭವಾಯಿತು.

ಎರಡನೆಯದು ಪಟ್ಟಿ-ಮೊಳೆಗಳ ಕ್ರಮ. ದಕ್ಷಿಣದ ನೇರ ಕತ್ತಿಗಳಲ್ಲಿ ಹಿಡಿಯಿಂದ ಹೊರಟ ನಾಲಗೆಯಂತಹ ಎರಡು ಪಟ್ಟಿಗಳು ಅಲಗಿನ ಎರಡು ಮುಖಗಳನ್ನೂ ಅಪ್ಪಿಕೊಳ್ಳುತ್ತವೆ. ಪಟ್ಟಿ, ಅಲಗು, ಪಟ್ಟಿ ಈ ಮೂರನ್ನೂ ತೂರಿ ಬರುವ ಮೊಳೆಗಳ ತಲೆಗಳನ್ನು ಬಡಿದು ಬಿಗಿಮಾಡುತ್ತಾರೆ. ಇಲ್ಲಿ ಹೊಡೆತದ ಭಾರವು ಬಾಲದ ಮೇಲೆ ಬೀಳದೆ ಪಟ್ಟಿಗಳ ಮೇಲೆ ಹಂಚಿಹೋಗುತ್ತದೆ. ಬಾಲವೇ ಇಲ್ಲದ ಅಲಗಿನ ತುಂಡನ್ನೂ ಹೀಗೆ ಕೂಡಿಸಬಹುದು. ತಂಜಾವೂರಿನ ಕಠಾರಿಗಳು ಇದಕ್ಕೆ ನಿದರ್ಶನ. ಕೈಯನ್ನು ಮರೆಮಾಡುವ ಹಾಯಿಯಂತಹ ತಗಡು, ಯಾಳಿ ಮೊದಲಾದ ಅಲಂಕಾರ, ಇವೆಲ್ಲ ಅಪ್ಪಟ ದಕ್ಷಿಣದ ಕೆಲಸ. ಆದರೆ ಪಟ್ಟಿಗಳ ನಡುವೆ ಮೊಳೆ ಹೊಡೆದು ಕೂಡಿಸಿದ ಅಲಗು ಎಷ್ಟೋ ಕಠಾರಿಗಳಲ್ಲಿ ಯೂರೋಪಿನ ಕತ್ತಿಯೊಂದರ ತುಂಡು.

ಇದರಲ್ಲಿ ಆಶ್ಚರ್ಯವಿಲ್ಲ. ಪೋರ್ಚುಗೀಸರು ಪಶ್ಚಿಮ ಕರಾವಳಿಯಲ್ಲಿ ನೆಲೆಯೂರಿದ ಮೇಲೆ ಯೂರೋಪಿನ ಅಲಗುಗಳು ದಕ್ಷಿಣಕ್ಕೆ ಧಾರಾಳವಾಗಿ ಬಂದವು. ಕನ್ನಡದಲ್ಲಿ 'ಫಿರಂಗಿ' ಎಂದರೆ ತೋಪು. ಮರಾಠಿ ನಾಡಿನಲ್ಲಿ ಅದು ಪರದೇಶದ ಅಲಗುಳ್ಳ ಕತ್ತಿಯ ಹೆಸರು. ಎರಡೂ ಒಂದೇ ಪದದ ಕವಲುಗಳು. ಅಲಗು ಸಮುದ್ರ ದಾಟಿ ಬರುತ್ತಿತ್ತು; ಹಿಡಿಯನ್ನು ಮಾತ್ರ ಸ್ಥಳೀಯ ಕುಶಲಿಯು ತನ್ನ ದೊರೆಯ ಅಭಿರುಚಿಗೆ ತಕ್ಕಂತೆ ಮಾಡುತ್ತಿದ್ದನು.

ಆದುದರಿಂದ 'ಇದು ವಿಜಯನಗರದ ಕತ್ತಿ' ಎಂಬ ಮಾತನ್ನು ಅಭಿಮಾನದಿಂದ ಹೇಳಿಬಿಡುವುದು ಸುಲಭ, ಸಾಧಿಸುವುದು ಕಷ್ಟ. ತಂಜಾವೂರಿನ ಆಯುಧಗಳಲ್ಲಿ ಅನೇಕವು 16 ಮತ್ತು 17ನೆಯ ಶತಮಾನಗಳವೆಂದು ರಾಬರ್ಟ್ ಎಲ್ಗುಡ್ ಅವರು 2004ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದ್ದಾರೆ. ಆ ವಾದವು ಬಹುಮಟ್ಟಿಗೆ ಹಿಡಿಯ ರೂಪ, ಅಲಂಕಾರಗಳನ್ನು ಅವಲಂಬಿಸಿದೆ. ಹಿಡಿಯ ಕಾಲವು ಅಲಗಿನ ಕಾಲವಾಗಬೇಕಾಗಿಲ್ಲ. ಎರಡೂ ಕೂಡಿದ ಕಾಲವು ಮೂರನೆಯದಾಗಿರಬಹುದು. ಪಟ್ಟಿಯ ಬಳಿ ಬಳಕೆಯಿಲ್ಲದ ಹಳೆಯ ರಂಧ್ರವಿದ್ದರೆ, ಮೊಳೆಗಳು ಒಂದೇ ಬಗೆಯವಾಗಿರದಿದ್ದರೆ, ಅಲಗಿನ ಗಾಡಿಯು ಪಟ್ಟಿಯ ಕೆಳಗೆ ತಟಕ್ಕನೆ ನಿಂತಿದ್ದರೆ, ಅಲಗು ಮತ್ತೊಂದು ಹಿಡಿಯಲ್ಲಿ ಇದ್ದು ಬಂದದ್ದೆಂದು ಶಂಕಿಸಬೇಕು.

ಅರಗಿನಿಂದ ಕೂಡಿದ ಕತ್ತಿಯಲ್ಲಿ ಈ ಗುರುತುಗಳೆಲ್ಲ ಒಳಗೆ ಅಡಗಿವೆ. ನೋಡುವ ಆತುರದಿಂದ ಹಿಡಿಯನ್ನು ಕಾಯಿಸಿ ಕಳಚಿದರೆ, ಅಲಗನ್ನು ಕೊನೆಯ ಬಾರಿ ಕೂಡಿಸಿದವನ ಕೈಗೆಲಸವು ಕರಗಿಹೋಗುತ್ತದೆ. ಅದನ್ನು ಮರಳಿ ಪಡೆಯಲಾಗದು. ಕಳಚದೆಯೇ ಎಕ್ಸ್-ರೇ ಚಿತ್ರದಿಂದ ಬಾಲದ ಉದ್ದವನ್ನೂ ಆಕಾರವನ್ನೂ ತಿಳಿಯುವ ಸೌಕರ್ಯ ಇಂದು ಉಂಟು. 1863ರಲ್ಲಿ ಗುಜರಿಗೆ ಹೋದ ಕತ್ತಿಗಳ ಸಾಕ್ಷ್ಯವು ಶಾಶ್ವತವಾಗಿ ನಷ್ಟವಾಯಿತು. ಉಳಿದವುಗಳ ಪರಿಚಯಪಟ್ಟಿಯಲ್ಲಿ ಅಲಗಿನ ಮೂಲ, ಹಿಡಿಯ ಮೂಲ, ಎರಡೂ ಕೂಡಿರುವ ಬಗೆ ಎಂದು ಮೂರು ಸಾಲುಗಳನ್ನಾದರೂ ಬರೆದರೆ, ಕನ್ನಡನಾಡಿನ ಪಾಲು ಇವುಗಳಲ್ಲಿ ಎಷ್ಟೆಂಬುದನ್ನು ಊಹೆಯಿಂದಲ್ಲದೆ ಪ್ರಮಾಣದಿಂದ ಹೇಳಲು ಸಾಧ್ಯವಾಗುವುದು.