ಟೋಪಿಯ ಪಿನ್ನು

ನಮ್ಮ ಕಡೆಯ ಹೆಂಗಸರ ಮೈಮೇಲೆ ಒಂದಾದರೂ ಪಿನ್ನು ಇಲ್ಲದಿರುವುದು ಅಪರೂಪ. ಬಳೆಗೊಂದು, ತಾಳಿಸರಕ್ಕೆರಡು ಸಿಕ್ಕಿಸಿಕೊಂಡೇ ಇರುತ್ತೇವೆ. ಮುಳ್ಳು ತೆಗೆಯಲು, ಲಂಗಕ್ಕೆ ಲಾಡಿ ಪೋಣಿಸಲು, ಸೆರಗು ನಿಲ್ಲಿಸಲು ಅದೇ ಬೇಕು. ಗಂಡಸರು ಕಂಡು ನಗುವುದುಂಟು. ಆದರೆ ಮೋಟಾರು ಕಾರಿನ ಮೊದಲ ದೂರಪ್ರಯಾಣ ನಡುದಾರಿಯಲ್ಲೇ ನಿಂತುಹೋಗದಂತೆ ಕಾಪಾಡಿದ್ದೂ ಒಬ್ಬ ಹೆಂಗಸಿನ ಪಿನ್ನೇ ಎಂದು ಓದಿದ ಮೇಲೆ ನನಗೆ ಈ ಪುಟ್ಟ ವಸ್ತುವಿನ ಮೇಲೆ ಗೌರವ ಹೆಚ್ಚಿದೆ.

ಆಕೆ ಬರ್ತಾ ಬೆಂಜ್. ಜರ್ಮನಿಯ ಫೋರ್ಟ್ಸ್‌ಹೈಮ್ ಎಂಬ ಊರಿನಲ್ಲಿ 1849ರಲ್ಲಿ ಹುಟ್ಟಿದವಳು. 1872ರಲ್ಲಿ ಕಾರ್ಲ್ ಬೆಂಜ್‌ನ ಕೈಹಿಡಿದಳು. ಮದುವೆಗೆ ಮುಂಚೆಯೇ ತನ್ನ ವರದಕ್ಷಿಣೆಯ ಹಣವನ್ನು ತಂದೆಯಿಂದ ಪಡೆದು ಅವನ ಕಾರ್ಖಾನೆಗೆ ಹಾಕಿದ್ದಳು. 1886ರ ಜನವರಿ 29ರಂದು ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹೋಯಿತು. ಅದರಲ್ಲಿ ಆಕೆಯ ಹೆಸರಿಲ್ಲ. ಗಾಡಿಯೇನೋ ತಯಾರಾಯಿತು, ನಂಬಿ ಕೊಳ್ಳುವವರು ಮಾತ್ರ ಸಿಗಲಿಲ್ಲ.

1888ರ ಆಗಸ್ಟಿನಲ್ಲಿ ಬರ್ತಾ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಮ್ಯಾನ್‌ಹೈಮ್‌ನಿಂದ ಅದೇ ಗಾಡಿಯಲ್ಲಿ ತೌರಿಗೆ ಹೊರಟಳು. ದಾರಿ ನೂರು ಕಿಲೋಮೀಟರಿಗೂ ಹೆಚ್ಚು. ಆಗ ಪೆಟ್ರೋಲ್ ಬಂಕ್ ಎಲ್ಲಿತ್ತು? ವೀಸ್‌ಲೋಖ್ ಊರಿನ ಔಷಧಿ ಅಂಗಡಿಯಲ್ಲಿ ಲಿಗ್ರೋಯಿನ್ ಕೊಂಡಳು. ಅದು ಬಟ್ಟೆಯ ಕಲೆ ತೆಗೆಯಲು ಬಳಸುತ್ತಿದ್ದ ದ್ರವ! ಮುಂದೆ ಇಂಧನದ ನಳಿಗೆ ಕಸ ಕಟ್ಟಿಕೊಂಡಿತು. ಬೆರಳು ತೂರದ ಜಾಗ. ಬರ್ತಾ ಟೋಪಿಯಿಂದ ಉದ್ದನೆಯ ಪಿನ್ನನ್ನು ಎಳೆದು ನಳಿಗೆಯನ್ನು ಚುಚ್ಚಿ ಬಿಡಿಸಿದಳು. ಕಿಡಿ ಹಾಯಿಸುವ ತಂತಿಯ ಹೊದಿಕೆ ಸವೆದಾಗ, ಕಾಲುಚೀಲ ಜಾರದಂತೆ ಕಟ್ಟಿದ್ದ ಪಟ್ಟಿಯನ್ನು ಬಿಚ್ಚಿ ಸುತ್ತಿದಳು. ಬ್ರೇಕಿನ ಮರದ ಕಟ್ಟೆ ಸವೆದದ್ದಕ್ಕೆ ಚಮ್ಮಾರನಿಂದ ಚರ್ಮ ಹೊಡೆಸಿದಳು. ಊರು ಸೇರಿ ಗಂಡನಿಗೆ ತಂತಿ ಕಳಿಸಿದಳು.

ಓದುತ್ತಿದ್ದಂತೆ ನಮ್ಮ ಮನೆಯ ಸೀಮೆಎಣ್ಣೆ ಪಂಪ್ ಸ್ಟವ್ ನೆನಪಾಯಿತು. ಬರ್ನರಿನ ತೂತು ಕಟ್ಟಿಕೊಂಡರೆ, ತಗಡಿನ ತುದಿಗೆ ತಂತಿ ಕೂರಿಸಿದ ಸ್ಟವ್ ಪಿನ್ನಿನಿಂದ ಚುಚ್ಚುತ್ತಿದ್ದೆವು. ಅಂಥದೇ ಸಣ್ಣ ತೂತು ಸ್ಕೂಟರಿನ ಕಾರ್ಬುರೇಟರಿನಲ್ಲೂ ಇದೆ. ಅದಕ್ಕೆ ಜೆಟ್ ಎನ್ನುತ್ತಾರೆ. ನಮ್ಮವರ ಸ್ಕೂಟರು ಒಮ್ಮೆ ಮುಷ್ಕರ ಹೂಡಿದಾಗ ಮೆಕ್ಯಾನಿಕ್ ಹುಡುಗ ಹಳೆಯ ಇಸ್ತ್ರಿಪೆಟ್ಟಿಗೆಯ ವೈರಿನಿಂದ ತಾಮ್ರದ ಒಂದೇ ಎಳೆ ಕಿತ್ತುಕೊಂಡ. "ಜೆಟ್ಟು ಹಿತ್ತಾಳೆ ಅಕ್ಕಾ. ಉಕ್ಕಿನ ಪಿನ್ನು ಹಾಕಿದ್ರೆ ತೂತು ದೊಡ್ಡದಾಗಿ ಪೆಟ್ರೋಲು ಜಾಸ್ತಿ ಕುಡಿಯುತ್ತೆ" ಎಂದ. ಯಾವುದಕ್ಕೆ ಗಟ್ಟಿ, ಯಾವುದಕ್ಕೆ ಮೆದು, ಎಷ್ಟು ಒತ್ತಬೇಕು ಎಂಬ ಈ ವಿವೇಕ ಅವನಿಗೆ ವರ್ಕ್‌ಶಾಪಿನಲ್ಲಿ ಬಂದಿರಬಹುದು. ನಮಗೆ ಅದು ಒಲೆಯ ಮುಂದೆಯೇ ಬರುತ್ತದೆ. ಕೈಗೆ ಸಿಕ್ಕಿದ್ದರಲ್ಲಿ ಕೆಲಸ ಸಾಗಿಸುವುದನ್ನು ಯಾರೂ ವಿದ್ಯೆ ಎಂದು ಕರೆಯುವುದಿಲ್ಲ, ಅಷ್ಟೇ.

ಏರಿನಲ್ಲಿ ಗಾಡಿಯನ್ನು ಮಕ್ಕಳು ತಳ್ಳಬೇಕಾಗಿತ್ತು. ಆ ಅನುಭವದಿಂದಲೇ ಗಾಡಿಗೆ ಇನ್ನೊಂದು ಗೇರು ಬಂತು. ಹೆಸರು ಹಬ್ಬಿತು, ಗಾಡಿಗಳು ಮಾರಾಟವಾದವು. ಕಾರ್ಲ್ಸ್‌ರೂಹೆಯ ತಾಂತ್ರಿಕ ವಿದ್ಯಾಲಯ ಕಾರ್ಲ್‌ಗೆ 1914ರಲ್ಲೇ ಗೌರವ ಡಾಕ್ಟರೇಟ್ ಕೊಟ್ಟಿತು. ಬರ್ತಾಳನ್ನು ಅದೇ ವಿದ್ಯಾಲಯ ಗೌರವಿಸಿದ್ದು 1944ರ ಮೇ 3ರಂದು, ಆಕೆಗೆ ತೊಂಬತ್ತೈದು ತುಂಬಿದ ದಿನ. ಮೇ 5ರಂದು ಆಕೆ ತೀರಿಕೊಂಡಳು.