ಎರಡು ಗುಂಟೆ ಖರಾಬು

ಎರೆಭೂಮಿಯಲ್ಲಿ ಮಣ್ಣಿನ ಸಮಾಧಿ ಬಹುಕಾಲ ಬಾಳುವುದಿಲ್ಲ. ಬೇಸಿಗೆಯಲ್ಲಿ ಮೊಣಕೈವರೆಗೆ ಕೈ ಹೋಗುವಷ್ಟು ಬಿರುಕು ಬಿಡುವ ನೆಲ, ಮಳೆ ಬಿದ್ದರೆ ಉಬ್ಬಿ ಕೂಡಿಕೊಳ್ಳುತ್ತದೆ. ಹತ್ತಾರು ವರ್ಷ ಹೀಗಾದರೆ ಎಂಥ ದಿಬ್ಬವೂ ನೆಲಸಮ. ಗುರುತಿಗೆ ಕಲ್ಲು ನೆಡೋಣವೆಂದರೆ ಹೊಲದಲ್ಲಿ ಕಲ್ಲೆಂಬುದೇ ಸಿಗುವುದಿಲ್ಲ, ಗಾಡಿ ಕಟ್ಟಿ ದೂರದಿಂದ ತರಬೇಕು. ಉಳ್ಳವರು ತಂದು ಕಟ್ಟೆ ಕಟ್ಟಿಸಿದರು. ಉಳಿದವರ ಹಿರಿಯರು ಜೋಳದ ಸಾಲಿನ ಕೆಳಗೆ ಸೇರಿಹೋದರು. ನವಲಗುಂದ ತಾಲೂಕಿನ ನಮ್ಮ ಊರಿನಲ್ಲಿ ನನ್ನ ಮುತ್ತಜ್ಜನದೂ ಅದೇ ಗತಿ.

ನಾನು ಸರ್ವೆ ಇಲಾಖೆಯಲ್ಲಿ ಭೂಮಾಪಕನಾಗಿ ದುಡಿದು ನಿವೃತ್ತನಾದವನು. ಕಂಡವರ ಬದುವಿನ ಜಗಳಕ್ಕೆಲ್ಲ ಸರಪಳಿ ಹಿಡಿದು ಹೋದ ನನಗೆ ಸ್ವಂತ ಮುತ್ತಜ್ಜನನ್ನು ಎಲ್ಲಿ ಇಟ್ಟರೆಂಬುದು ತಿಳಿದಿರಲಿಲ್ಲ. ಮನೆಯಲ್ಲಿ ಉಳಿದಿದ್ದುದು ಆಯಿಯ ಒಂದು ಮಾತು: “ಮಾನಮೋಡಿ ಬ್ಯಾನ್ಯಾಗ ಹ್ವಾದ. ಹಳ್ಳದ ದಂಡಿ ಹೊಲಕ್ಕ ಒಯ್ದು ಇಟ್ರಂತ. ಹೊರಾಕ ನಾಕು ಮಂದಿ ಸಿಗಲಿಲ್ಲಂತ.”

ಆ ಬೇನೆ 1918ರ ಇನ್‌ಫ್ಲುಯೆಂಜಾ. ಜೂನ್ ತಿಂಗಳಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಮೊದಲ ಸುತ್ತು ಅಷ್ಟೇನೂ ಕಾಡಲಿಲ್ಲ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಂದ ಎರಡನೆಯ ಸುತ್ತು ಮನೆಮನೆಗಳನ್ನೇ ಗುಡಿಸಿತು. ಆ ವರ್ಷ ಮಳೆಯೂ ಕೈಕೊಟ್ಟಿತ್ತು. ಇಡೀ ದೇಶದಲ್ಲಿ ಸತ್ತವರ ಅಂದಾಜು 1 ಕೋಟಿ 20 ಲಕ್ಷದಿಂದ 2 ಕೋಟಿಯವರೆಗೂ ಹೋಗುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ನಮ್ಮ ಜನಸಂಖ್ಯೆ ಇಳಿದದ್ದು 1911ರಿಂದ 1921ರ ಆ ಒಂದೇ ದಶಕದಲ್ಲಿ. ಆ ಜ್ವರ ವಿಶೇಷವಾಗಿ ಹಿಡಿದದ್ದು ಇಪ್ಪತ್ತರಿಂದ ನಲವತ್ತರ ದುಡಿಯುವ ವಯಸ್ಸಿನವರನ್ನು. ಹೊರುವವರು ಸಿಗಲಿಲ್ಲವೆಂಬ ಆಯಿಯ ಮಾತಿಗೆ ಇದಕ್ಕಿಂತ ಬೇರೆ ಪುರಾವೆ ಬೇಡ.

ನಾವು ಲಿಂಗಾಯತರು, ಸುಡುವುದಿಲ್ಲ, ಹೂಳುತ್ತೇವೆ. ಕುಣಿ ತೆಗೆದು, ಅದರೊಳಗೊಂದು ಗೂಡು ಮಾಡಿ, ಎಡಗೈಯಲ್ಲಿ ಇಷ್ಟಲಿಂಗವಿಟ್ಟು ಕೂಡ್ರಿಸಿ, ವಿಭೂತಿ, ಬಿಲ್ವಪತ್ರಿ ಏರಿಸಿ ಮಣ್ಣು ಕೊಡುವುದು ರೂಢಿ. ಹೆಚ್ಚಿನ ಮನೆತನಗಳಿಗೆ ತಮ್ಮ ಹೊಲದಲ್ಲೇ ಅದಕ್ಕೊಂದು ಮೂಲೆ ಇರುತ್ತದೆ. ಹಾಗಾಗಿ ನಮ್ಮವರು ಹಿಂದಿನಿಂದಲೂ ಹುಡುಕಿದ್ದು ನಮ್ಮ ಪಾಲಿನ ಹೊಲದಲ್ಲಿ. ಅಲ್ಲಿ ಹಳ್ಳವೂ ಇಲ್ಲ, ದಂಡೆಯೂ ಇಲ್ಲ.

ನಾನು ಕಾಗದದಿಂದ ಶುರುಮಾಡಿದೆ. ಹಳೆಯ ಮರಣದ ರಿಜಿಸ್ಟರು ಮೊದಲೇ ನಿರಾಸೆ ಮಾಡಿತು. ಬ್ರಿಟಿಷರ ಕಾಲದಲ್ಲಿ ಇನ್‌ಫ್ಲುಯೆಂಜಾಕ್ಕೆಂದು ಬೇರೆ ಅಂಕಣ ಇರಲಿಲ್ಲ, ಆ ಸಾವುಗಳೆಲ್ಲ ಬಹುಪಾಲು ‘ಜ್ವರ’ದ ಲೆಕ್ಕಕ್ಕೆ ಹೋದವು. ನಮ್ಮ ಊರಿನ ಪುಸ್ತಕದಲ್ಲಿ ಆ ಪುಟಗಳೂ ಗೆದ್ದಲಿನ ಪಾಲಾಗಿದ್ದವು. ಮೇಲಾಗಿ, ಹೂತ ಜಾಗ ಬರೆಯುವ ಪದ್ಧತಿ ಅದರಲ್ಲಿ ಇರಲೇ ಇಲ್ಲ.

ಹೊಲದ ದಾಖಲೆ ಹಾಗಲ್ಲ. ಕಂದಾಯ ಕೊಡುವವ ಸತ್ತರೆ ಇನ್ನು ಮುಂದೆ ಕೊಡುವವರು ಯಾರೆಂದು ಸರ್ಕಾರಕ್ಕೆ ಗೊತ್ತಾಗಬೇಕು. ಧಾರವಾಡ ಆಗ ಮುಂಬಯಿ ಪ್ರಾಂತದಲ್ಲಿತ್ತು. ಅಲ್ಲಿ 1903ರ ಕಾಯ್ದೆಯಿಂದ ಹಕ್ಕುದಾಖಲೆ ಶುರುವಾಗಿತ್ತು. ಹಳೆಯ ಡೈರಿ ಉತಾರ ತೆಗೆಸಿದಾಗ ವಾರಸಾ ನೋಂದು ಸಿಕ್ಕಿತು. ಕಂದುಬಣ್ಣಕ್ಕೆ ತಿರುಗಿದ ಶಾಯಿ, ಕುಲಕರ್ಣಿಯ ಒತ್ತೊತ್ತಾದ ಅಕ್ಷರ. ಮುತ್ತಜ್ಜನ ಹೆಸರಿನ ಮುಂದೆ ‘ಮಯತ’, ಎಂದರೆ ಮೃತ. ಅದರ ಕೆಳಗೆ ವಾರಸುದಾರನಾಗಿ ನನ್ನ ಅಜ್ಜನ ಹೆಸರು. ಅಜ್ಜ ಆಗಿನ್ನೂ ಕೂಸು. ಆದ್ದರಿಂದ ಪಕ್ಕದಲ್ಲಿ ‘ಅ.ಪಾ.ಕ. ತಾಯಿ’ ಎಂದು ಮೂರಕ್ಷರ ಹಾಕಿ, ಮುತ್ತಜ್ಜಿಯ ಹೆಸರು. ಅಜ್ಞಾನ ಬಾಲಕನ ಪಾಲಕಿ ಎಂದರ್ಥ. ಬೀಗರ ಊರಿಂದ ಬಂದು, ಗಂಡನನ್ನು ಮಣ್ಣುಮಾಡಿ, ಮಗ ದೊಡ್ಡವನಾಗುವವರೆಗೆ ಒಕ್ಕಲುತನ ಹಿಡಿದ ಹೆಂಗಸು ನಾನು ನೋಡಿದ ಕಾಗದಗಳಲ್ಲಿ ಕಾಣಿಸಿಕೊಂಡದ್ದು ಅದೊಂದೇ ಸಾಲಿನಲ್ಲಿ.

ನೋಂದಿನಲ್ಲಿದ್ದ ಸರ್ವೆ ನಂಬರು ನಮ್ಮ ಈಗಿನ ಹೊಲದ್ದಲ್ಲ. ಇದೇಕೆ ಹೀಗೆಂದು ಬಿಡಿಸಿ ಹೇಳಿದವನು ಹೆಳವ.

ಹೆಳವರನ್ನು ಹೊಸ ತಲೆಮಾರು ಕಂಡಿರಲಿಕ್ಕಿಲ್ಲ. ಮನೆತನಗಳ ವಂಶಾವಳಿ ಬರೆದಿಟ್ಟುಕೊಂಡು, ಕೆಲವು ವರ್ಷಗಳಿಗೊಮ್ಮೆ ಸುಗ್ಗಿ ಮುಗಿದ ಮೇಲೆ ಬಂದು, ಮನೆಯ ಮುಂದೆ ನಿಂತು ಮೂಲಪುರುಷನಿಂದ ಹಿಡಿದು ನಿನ್ನೆ ಹುಟ್ಟಿದ ಕೂಸಿನವರೆಗೆ ಹೇಳಿ, ಕಾಳುಕಡಿ, ಬಟ್ಟೆ, ದನ ಕಾಣಿಕೆ ಪಡೆಯುವ ಜನ. ಮೊದಲು ಎತ್ತಿನ ಮೇಲೆ ಬರುತ್ತಿದ್ದರು, ಈಗ ಟೆಂಪೋದಲ್ಲಿ. ನಮ್ಮ ಮನೆತನದ ಹೆಳವ ಬೆಳಗಾವಿ ಕಡೆಯವ. ಅಣ್ಣನ ಮನೆಯ ಕಟ್ಟೆಯ ಮೇಲೆ ಕುಳಿತು ಉದ್ದನೆಯ ಪುಸ್ತಕ ಬಿಚ್ಚಿದ, ಬೆರಳಿಟ್ಟು ಓದಿದ. ಮುತ್ತಜ್ಜನಿಗೆ ಇಬ್ಬರು ಅಣ್ಣಂದಿರು. ಮೂವರದೂ ಏಕತ್ರ ಸಂಸಾರ. ವಾಟಣಿ ಆದದ್ದು ಬೇನೆಯ ವರ್ಷಕ್ಕಿಂತ ಬಹಳ ತಡವಾಗಿ, ನನ್ನ ಅಜ್ಜ ಮೀಸೆ ಹೊತ್ತ ಮೇಲೆ. ಆಗ ಹಳ್ಳದ ದಂಡಿಯ ಹೊಲ ಹಿರಿಯವನ ಪಾಲಿಗೆ ಹೋಯಿತು.

ಅಲ್ಲಿಂದ ಮುಂದಿನದು ನನ್ನ ಕಸುಬಿನ ದಾರಿ. 1840ರ ದಶಕದಲ್ಲಿ ವಿಂಗೇಟ್ ಸಾಹೇಬನ ಉಸ್ತುವಾರಿಯಲ್ಲಿ ಈ ಸೀಮೆಯ ಸರ್ವೆ ನಡೆದಾಗಿನಿಂದ ಅಳತೆಯ ಲೆಕ್ಕ ಒಂದೇ: 33 ಅಡಿಯ ಸರಪಳಿ, ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲವಾದರೆ ಗುಂಟೆ, 40 ಗುಂಟೆಗೆ ಎಕರೆ. ಆಕಾರಬಂದಿನಲ್ಲಿ ಪ್ರತಿ ಹೊಲದ ಒಟ್ಟು ಕ್ಷೇತ್ರದಿಂದ ಬೇಸಾಯಕ್ಕೆ ಬಾರದ ಜಾಗವನ್ನು ಕಳೆದು, ಉಳಿದದ್ದಕ್ಕೆ ಮಾತ್ರ ಕಂದಾಯ ಕಟ್ಟುತ್ತಾರೆ. ಕಳೆದದ್ದು ಖರಾಬು. ಕರ್ನಾಟಕದ 1966ರ ಭೂಕಂದಾಯ ನಿಯಮಗಳಲ್ಲಿ ಇದಕ್ಕೆ ಎರಡು ಬಗೆ. ಕಣ, ಹೊಲಮನೆಯಂಥವು ‘ಅ’. ದಾರಿ, ಹಳ್ಳ, ಹೂಳುವ ಜಾಗದಂಥವು ‘ಬ’.

ಹಿರಿಯವನ ಹಿಸ್ಸಾದ ಉತಾರದಲ್ಲಿ ‘ಬ’ ಖರಾಬಿನ ಮುಂದೆ 2 ಗುಂಟೆ ಇತ್ತು. ಆ ಹೊಲದಲ್ಲಿ ದಾರಿ ಹಾದಿಲ್ಲ. ಹಳ್ಳ ಹರಿಯುವುದು ಹದ್ದಿನ ಆಚೆ. ಹಳೆಯ ಟಿಪ್ಪಣಿ ತೆಗೆಸಿ ನೋಡಿದರೆ, ಹಳ್ಳದ ಬದಿಯ ಮೂಲೆಯಲ್ಲಿ ಚೌಕವೊಂದನ್ನು ಬಿಡಿಸಿ ಅಳತೆ ಹಾಕಿದ್ದರು. ಮುತ್ತಜ್ಜ ಹುಟ್ಟುವ ಮೊದಲೇ ಅದು ಮನೆತನದ ಸಮಾಧಿ ಜಾಗ.

ಹೊಲ ಈಗ ನಮ್ಮ ಬಳಗದ ಕೈಯಲ್ಲಿಲ್ಲ. ಹಿರಿಯವನ ಮಕ್ಕಳು ಹುಬ್ಬಳ್ಳಿ ಸೇರಿ ಲಾವಣಿಗೆ ಕೊಟ್ಟಿದ್ದರು. 1974ರ ಭೂಸುಧಾರಣೆಯಲ್ಲಿ ಫಾರಂ ನಂಬರ್ 7 ಕೊಟ್ಟು ಉಳುತ್ತಿದ್ದವರೇ ಒಡೆಯರಾದರು. ಅದು ನ್ಯಾಯವೂ ಹೌದು. ಆ ಮನೆಯ ಯಜಮಾನರು ನನ್ನನ್ನು ಕರೆದುಕೊಂಡು ಹೋಗಿ ಒಂದು ಬನ್ನಿಮರ ತೋರಿಸಿದರು. “ಇದರ ಬುಡಕ್ಕ ಗಳೇ ಹೊಡ್ಯಾಂಗಿಲ್ರೀ. ನಮ್ಮಪ್ಪ ಹೇಳಿದ್ದ, ಗೌಡ್ರ ಹಿರ್ಯಾರು ಕುಂತಾರ ಅಂತ. ಎಳ್ಳಮಾಸಿಗೆ ಚರಗಾ ಚೆಲ್ಲೂ ಮುಂದ ಇಲ್ಲೂ ಒಂದು ತುತ್ತು ಇಡ್ತೀವಿ.”

ಟೇಪು ಹಿಡಿದು ಅಳೆದೆ. ಕಾಗದದ ಮೇಲೆ 2,178 ಚದರ ಅಡಿ ಇರುವ ಜಾಗ ನೆಲದ ಮೇಲೆ ಒಂದು ಗುಂಟೆಗೂ ಕಡಿಮೆ ಉಳಿದಿತ್ತು. ಬುಡಕ್ಕೆ ಗಳೆ ಹೊಡೆಯದಿದ್ದರೂ ವರ್ಷಕ್ಕೊಂದು ಸಾಲು ಒಳಗೆ ಸರಿದಿದೆ. ಮಲಪ್ರಭಾ ಕಾಲುವೆ ಬಂದಾಗ ನೆಲ ಮಟ್ಟಮಾಡಿದ್ದರಲ್ಲೂ ಒಂದು ಮಗ್ಗುಲು ಹೋಯಿತಂತೆ. ಉಳಿದ ಜಾಗದಲ್ಲಿ ಮುತ್ತಜ್ಜ ಯಾವ ಮಗ್ಗುಲಿಗೆ ಕುಳಿತಿದ್ದಾನೋ ಯಾವ ದಫ್ತರವೂ ಹೇಳಲಾರದು. ಅಂದಾಜಿನ ಮೇಲೆ ಕಲ್ಲು ನೆಡುವುದು ಭೂಮಾಪಕನಿಗೆ ಒಪ್ಪುವ ಕೆಲಸವಲ್ಲ. ಹೂಳುವಾಗ ಒಬ್ಬರ ಪಕ್ಕ ಒಬ್ಬರನ್ನು ಕೂಡ್ರಿಸಿದ ಜಾಗವದು. ಒಬ್ಬನನ್ನೇ ಬೇರೆ ಮಾಡಿ ಕಟ್ಟೆ ಕಟ್ಟಿದರೆ ಉಳಿದವರು ಇನ್ನಷ್ಟು ಅನಾಮಿಕರಾಗುತ್ತಾರೆ.

ಯಜಮಾನರ ಒಪ್ಪಿಗೆ ಪಡೆದು ಹದ್ದುಬಸ್ತಿಗೆ ಅರ್ಜಿ ಹಾಕಿಸಿದೆ. ಇಡೀ ಎರಡು ಗುಂಟೆಗೆ ನಾಲ್ಕು ಬಾಂದುಕಲ್ಲು ಬಿದ್ದಿವೆ. ಹೊಲ ನಾಳೆ ಯಾರ ಕೈ ಸೇರಿದರೂ, ಪ್ಲಾಟುಗಳಾಗಿ ಹೋದರೂ ‘ಬ’ ಖರಾಬನ್ನು ಮಾರಲು ಬರುವುದಿಲ್ಲ. ಕಂದಾಯದ ಆಸೆಗೆ ಬರೆದಿಟ್ಟ ಅಂಕಣವೊಂದು ಸತ್ತವರಿಗೆ ಇಷ್ಟು ನೆರಳಾಗಬಹುದೆಂದು ನನ್ನ ನೌಕರಿಯ ಕಾಲದಲ್ಲಿ ಹೊಳೆದಿರಲಿಲ್ಲ.

ಮುಂದಿನ ಸಲ ಹೆಳವ ಬಂದಾಗ ಆ ಸರ್ವೆ ನಂಬರನ್ನು ಪುಸ್ತಕದಲ್ಲಿ ಬರೆಸಿದೆ. ಅದನ್ನೇನೋ ಬರೆದುಕೊಂಡ. ಮುತ್ತಜ್ಜನ ಹೆಸರಿನ ಪಕ್ಕ ಮುತ್ತಜ್ಜಿಯದನ್ನೂ ಬರೆ ಅಂದಾಗ ಮಾತ್ರ ಪೆನ್ನು ನಿಲ್ಲಿಸಿದ. “ಹೆಣ್ಮಕ್ಕಳ ಹೆಸರು ಬರ್ಯೂ ಪದ್ಧತಿ ಇಲ್ರಲಾ, ಅಣ್ಣಾರ?” ಡೈರಿ ಉತಾರದ ನಕಲು ತೋರಿಸಿದೆ. ಕುಲಕರ್ಣಿ ಬರೆದಿದ್ದಾನೆ, ನಿನಗೇನು ಕಷ್ಟ ಎಂದೆ. ಕಾಣಿಕೆಗೆ ಇನ್ನೊಂದು ಚೀಲ ಜೋಳ ಕೂಡಿಸುವ ಮಾತಾದ ಮೇಲೆ ಬರೆದ.