ಬ್ರೇಕ್ ಎಚ್ಚರಿಕೆ: ದೀಪ ಹೇಳುವುದೇನು, ಸದ್ದು ಸೂಚಿಸುವುದೇನು?

ಎಂಜಿನ್ ಕೆಟ್ಟರೆ ಕಾರು ನಿಲ್ಲುತ್ತದೆ. ಬ್ರೇಕ್ ಕೆಟ್ಟರೆ ನಿಲ್ಲುವುದಿಲ್ಲ. ವಾಹನದ ಉಳಿದೆಲ್ಲ ದೋಷಗಳಿಗಿಂತ ಬ್ರೇಕಿನ ದೋಷ ಹೆಚ್ಚು ಅಪಾಯಕಾರಿ ಎನಿಸಲು ಇದೇ ಕಾರಣ. ಅದೃಷ್ಟವಶಾತ್ ಬ್ರೇಕ್ ಯಾವ ಸೂಚನೆಯನ್ನೂ ನೀಡದೆ ಕೈಕೊಡುವುದು ವಿರಳ. ಮೊದಲು ದೀಪ ಬೆಳಗುತ್ತದೆ, ಇಲ್ಲವೇ ಚಕ್ರದ ಬಳಿ ಸದ್ದು ಕೇಳಿಸುತ್ತದೆ, ಇಲ್ಲವೇ ಪೆಡಲಿನ ಹಿಡಿತ ಬದಲಾಗುತ್ತದೆ. ಈ ಮೂರು ಸೂಚನೆಗಳನ್ನು ಅರ್ಥ ಮಾಡಿಕೊಳ್ಳುವುದು ಹೇಗೆ ಎಂಬುದರ ವಿವರ ಇಲ್ಲಿದೆ.

ಚಾಲಕರು ಮುಖ್ಯವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಸಾಮಾನ್ಯ ದರ್ಜೆಯ ಬಹುತೇಕ ಕಾರುಗಳಲ್ಲಿ ಬ್ರೇಕ್ ಪ್ಯಾಡ್ ಸವೆದಿದೆ ಎಂದು ನೇರವಾಗಿ ತಿಳಿಸುವ ದೀಪವೇ ಇರುವುದಿಲ್ಲ. ದೀಪವು ಬ್ರೇಕ್ ಆಯಿಲ್‌ನ ಮಟ್ಟವನ್ನು ತಿಳಿಸುತ್ತದೆ; ಪ್ಯಾಡಿನ ಸವೆತವನ್ನು ಸದ್ದು ತಿಳಿಸುತ್ತದೆ. ಆದ್ದರಿಂದ ದೀಪ ಬೆಳಗಿಲ್ಲವೆಂದು ಸದ್ದನ್ನು ಕಡೆಗಣಿಸುವುದಾಗಲಿ, ಸದ್ದಿಲ್ಲವೆಂದು ದೀಪವನ್ನು ಕಡೆಗಣಿಸುವುದಾಗಲಿ ಸಲ್ಲದು.

ಕೆಂಪು ದೀಪ

ವೃತ್ತದೊಳಗೆ ಆಶ್ಚರ್ಯಸೂಚಕ ಚಿಹ್ನೆ ಇರುವ ಕೆಂಪು ದೀಪವೇ ಬ್ರೇಕಿನ ಮುಖ್ಯ ಎಚ್ಚರಿಕೆ. ಕೀಲಿ ತಿರುಗಿಸಿದೊಡನೆ ಇದು ಬೆಳಗಿ, ಎಂಜಿನ್ ಚಾಲನೆಗೊಂಡು ಹ್ಯಾಂಡ್ ಬ್ರೇಕ್ ಬಿಟ್ಟ ಮೇಲೆ ಆರಬೇಕು. ಕೀಲಿ ತಿರುಗಿಸಿದಾಗಲೂ ಬೆಳಗದಿದ್ದರೆ ದೀಪವೇ ಕೆಟ್ಟಿರಬಹುದು, ಅದನ್ನೂ ಸರಿಪಡಿಸಬೇಕು.

ಓಡಿಸುವಾಗ ಈ ದೀಪ ಬೆಳಗಿದರೆ ಮೊದಲು ಹ್ಯಾಂಡ್ ಬ್ರೇಕ್ ಪೂರ್ತಿಯಾಗಿ ಇಳಿದಿದೆಯೇ ಎಂದು ನೋಡಬೇಕು. ಇಳಿದಿದ್ದರೂ ದೀಪ ಆರದಿದ್ದರೆ ವೇಗ ತಗ್ಗಿಸಿ, ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ, ಬಾನೆಟ್ ತೆರೆದು ಬ್ರೇಕ್ ಆಯಿಲ್ ಡಬ್ಬಿಯನ್ನು ಪರೀಕ್ಷಿಸಬೇಕು. ಡಬ್ಬಿಯ ಮೇಲೆ ಗರಿಷ್ಠ ಹಾಗೂ ಕನಿಷ್ಠ ಗುರುತುಗಳಿರುತ್ತವೆ. ಆಯಿಲ್ ಕನಿಷ್ಠ ಗುರುತಿಗಿಂತ ಕೆಳಗಿದ್ದು, ಪೆಡಲ್ ಸಹ ಮೆತ್ತಗಾಗಿದ್ದರೆ ಎಲ್ಲೋ ಸೋರಿಕೆಯಿದೆ ಎಂದೇ ತಿಳಿಯಬೇಕು. ಅಂಥ ಕಾರನ್ನು ಒಂದು ಕಿಲೋಮೀಟರ್ ಕೂಡ ಓಡಿಸದೆ ಎಳೆಸಿಕೊಂಡು ಹೋಗುವುದೇ ಜಾಣತನ.

ಕೆಲವೊಮ್ಮೆ ಸಮತಟ್ಟಾದ ರಸ್ತೆಯಲ್ಲಿ ಆರಿರುವ ದೀಪ, ತಿರುವಿನಲ್ಲಿ ಅಥವಾ ಇಳಿಜಾರಿನಲ್ಲಿ ಮಿನುಗುತ್ತದೆ. ವೈರಿಂಗ್ ದೋಷವೆಂದು ಬಹಳ ಮಂದಿ ಇದನ್ನು ಬಿಟ್ಟುಬಿಡುತ್ತಾರೆ. ಆದರೆ ಆಯಿಲ್ ಕನಿಷ್ಠ ಮಟ್ಟದ ಅಂಚಿಗೆ ಬಂದಾಗ ಕಾರು ವಾಲಿದರೆ ಡಬ್ಬಿಯೊಳಗಿನ ತೇಲುಗುಂಡು ಕೆಳಗಿಳಿಯುತ್ತದೆ. ಮಿನುಗುವಿಕೆಗೆ ಇದೇ ಸಾಮಾನ್ಯ ಕಾರಣ.

ಆಯಿಲ್ ಸುರಿದರೆ ಸಾಲದು

ಆಯಿಲ್ ಮಟ್ಟ ಇಳಿಯಲು ಸೋರಿಕೆಯೊಂದೇ ಕಾರಣವಲ್ಲ. ಪ್ಯಾಡುಗಳು ಸವೆದಂತೆ ಕ್ಯಾಲಿಪರಿನ ಪಿಸ್ಟನ್ ಮುಂದಕ್ಕೆ ಸರಿಯುತ್ತದೆ. ಅದರ ಹಿಂದೆ ಉಂಟಾದ ಜಾಗವನ್ನು ತುಂಬಲು ಡಬ್ಬಿಯಿಂದ ಆಯಿಲ್ ಇಳಿಯುತ್ತದೆ. ಹೀಗಾಗಿ ಸೋರಿಕೆಯಿಲ್ಲದೆಯೂ ಕೆಂಪು ದೀಪ ಬೆಳಗಬಹುದು. ಆಗ ಡಬ್ಬಿಗೆ ಆಯಿಲ್ ಸುರಿದರೆ ದೀಪ ಆರುತ್ತದೆ, ಪ್ಯಾಡಿನ ಸವೆತ ಹಾಗೆಯೇ ಉಳಿಯುತ್ತದೆ. ಎಚ್ಚರಿಸುತ್ತಿದ್ದ ದೀಪದ ಬಾಯಿ ಮುಚ್ಚಿಸಿದಂತಾಯಿತೇ ಹೊರತು ದೋಷ ನಿವಾರಣೆಯಾಗಲಿಲ್ಲ. ಮುಂದೆ ಹೊಸ ಪ್ಯಾಡ್ ಹಾಕುವಾಗ ಪಿಸ್ಟನ್ ಹಿಂದಕ್ಕೆ ಒತ್ತಲ್ಪಟ್ಟು, ಹೆಚ್ಚುವರಿ ಆಯಿಲ್ ಉಕ್ಕಿ ಬಣ್ಣವನ್ನು ಹಾಳುಮಾಡುವುದೂ ಉಂಟು.

ಬಳಕೆಯಲ್ಲಿ 'ಆಯಿಲ್' ಎಂದರೂ ಇದು ಎಂಜಿನ್ ಆಯಿಲ್‌ನಂಥ ಎಣ್ಣೆಯಲ್ಲ. ತಪ್ಪಿ ಎಂಜಿನ್ ಆಯಿಲ್ ಸುರಿದರೆ ರಬ್ಬರ್ ಸೀಲುಗಳು ಉಬ್ಬಿ ಇಡೀ ವ್ಯವಸ್ಥೆ ಕೆಡುತ್ತದೆ. ಡಬ್ಬಿಯ ಮುಚ್ಚಳದ ಮೇಲೆ ಸೂಚಿಸಿರುವ ಡಾಟ್ 3 ಅಥವಾ ಡಾಟ್ 4 ದರ್ಜೆಯನ್ನೇ ಬಳಸಬೇಕು.

ಹಳದಿ ಎಬಿಎಸ್ ದೀಪ

ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರಗಳು ಬಿಗಿದು ಜಾರದಂತೆ ತಡೆಯುವುದು ಇದರ ಕೆಲಸ. ಹಳದಿ ಎಬಿಎಸ್ ದೀಪ ಮಾತ್ರ ಬೆಳಗಿದ್ದರೆ ಸಾಮಾನ್ಯ ಬ್ರೇಕ್ ಕೆಲಸ ಮಾಡುತ್ತದೆ, ಆದರೆ ಈ ರಕ್ಷಣೆ ಇರುವುದಿಲ್ಲ. ಚಕ್ರದ ಬಳಿಯ ವೇಗಸಂವೇದಕಕ್ಕೆ ಕೆಸರು ಮೆತ್ತಿಕೊಂಡಿರುವುದು ಅಥವಾ ಅದರ ತಂತಿ ಕಡಿದಿರುವುದು ಸಾಮಾನ್ಯ ಕಾರಣಗಳು. ಒದ್ದೆ ರಸ್ತೆಯಲ್ಲಿ ನಿಧಾನವಾಗಿ ಚಲಿಸಿ, ಆದಷ್ಟು ಬೇಗ ಗ್ಯಾರೇಜಿಗೆ ತೋರಿಸಬೇಕು.

ಕೆಂಪು ಮತ್ತು ಹಳದಿ ದೀಪಗಳೆರಡೂ ಒಟ್ಟಿಗೆ ಬೆಳಗಿದರೆ ಸ್ಥಿತಿ ಗಂಭೀರ. ಮುಂದಿನ ಹಾಗೂ ಹಿಂದಿನ ಚಕ್ರಗಳಿಗೆ ಬ್ರೇಕ್ ಒತ್ತಡವನ್ನು ಹಂಚುವ ವ್ಯವಸ್ಥೆಯೂ ನಿಂತಿರಬಹುದು. ಆಗ ಜೋರಾಗಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರಗಳು ಮೊದಲೇ ಬಿಗಿದು ಕಾರು ಅಡ್ಡ ತಿರುಗುವ ಭಯವಿದೆ.

ಸದ್ದುಗಳ ಗುರುತು

ಸದ್ದು ಕೇಳಿದಾಗ ಮೊದಲು ಪರೀಕ್ಷಿಸಬೇಕಾದುದು: ಪೆಡಲ್ ಒತ್ತಿದಾಗ ಅದು ಬದಲಾಗುತ್ತದೆಯೇ? ಬದಲಾಗದೆ ವೇಗದೊಡನೆ ಏರುವ ಗುಂಯ್‌ಗುಡುವಿಕೆ ಬಹುಮಟ್ಟಿಗೆ ಚಕ್ರದ ಬೇರಿಂಗ್ ಅಥವಾ ಟೈರಿನದು. ಬದಲಾಗುವುದಾದರೆ ಬ್ರೇಕಿನತ್ತ ಗಮನ ಹರಿಸಬೇಕು.

* ಬೆಳಗ್ಗೆ ಮೊದಲ ಕೆಲವು ಬಾರಿ ಮಾತ್ರ ಕರಕರ ಸದ್ದು: ಮಳೆಯಲ್ಲಿ ಅಥವಾ ತೊಳೆದು ನಿಲ್ಲಿಸಿದ ಕಾರಿನ ಡಿಸ್ಕ್ ಮೇಲೆ ಕಟ್ಟಿದ ತೆಳು ತುಕ್ಕು. ತಾನಾಗಿ ಹೋಗುತ್ತದೆ.
* ಸತತವಾದ ಕೀರಲು ಧ್ವನಿ: ಅನೇಕ ಪ್ಯಾಡುಗಳಲ್ಲಿ ಸಣ್ಣ ಲೋಹದ ಪಟ್ಟಿಯಿದ್ದು, ಪ್ಯಾಡ್ ಸವೆದಾಗ ಅದು ಡಿಸ್ಕಿಗೆ ತಾಗಿ ಕೀರಲು ಎಬ್ಬಿಸುತ್ತದೆ. ಪ್ಯಾಡ್ ಬದಲಿಸುವ ಕಾಲ ಬಂದಿದೆ ಎಂದರ್ಥ. ಪ್ಯಾಡಿನ ದಪ್ಪ 3 ಮಿಲಿಮೀಟರ್‌ಗೆ ಇಳಿದರೆ ಬದಲಿಸುವುದು ಒಳಿತು.
* ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಗರಗರ ಸದ್ದು: ಪ್ಯಾಡ್ ಪೂರ್ತಿ ಸವೆದು ಅದರ ಉಕ್ಕಿನ ತಟ್ಟೆಯೇ ಡಿಸ್ಕನ್ನು ಕೆರೆಯುತ್ತಿದೆ. ಪ್ಯಾಡಿನಲ್ಲಿ ಮುಗಿಯುತ್ತಿದ್ದ ಖರ್ಚು ಈಗ ಡಿಸ್ಕಿಗೂ ತಗಲುತ್ತದೆ. ಓಡಿಸಬಾರದು.
* ಪೆಡಲ್ ಒತ್ತದಿದ್ದರೂ ಕಿರ್‌ ಕಿರ್‌ ಸದ್ದು: ಜಲ್ಲಿ ರಸ್ತೆಯ ಸಣ್ಣ ಕಲ್ಲು ಡಿಸ್ಕ್ ಮತ್ತು ಅದರ ಹಿಂದಿನ ತಗಡಿನ ನಡುವೆ ಸಿಲುಕಿರಬಹುದು.
* ಬ್ರೇಕ್ ಒತ್ತಿದಾಗ ಟಕ್ ಎಂಬ ಸದ್ದು: ಕ್ಯಾಲಿಪರ್ ಬೋಲ್ಟ್ ಅಥವಾ ಪ್ಯಾಡ್ ಕ್ಲಿಪ್ ಸಡಿಲಗೊಂಡಿರಬಹುದು. ತಡಮಾಡದೆ ಬಿಗಿಸಬೇಕು.
* ಹಠಾತ್ ಬ್ರೇಕಿನಲ್ಲಿ ಗರಗರ ಸದ್ದಿನೊಡನೆ ಪೆಡಲಿನ ಮಿಡಿತ: ಇದು ಎಬಿಎಸ್ ಕೆಲಸ ಮಾಡುತ್ತಿರುವ ಲಕ್ಷಣ, ದೋಷವಲ್ಲ. ಹೆದರಿ ಕಾಲು ತೆಗೆಯಬಾರದು.

ಪೆಡಲ್ ನೀಡುವ ಸುಳಿವು

ಪೆಡಲ್ ಸ್ಪಂಜಿನಂತೆ ಮೆತ್ತಗಾದರೆ ಪೈಪಿನಲ್ಲಿ ಗಾಳಿ ಸೇರಿದೆ. ಕಾಲಿಟ್ಟಷ್ಟೂ ನಿಧಾನವಾಗಿ ಕೆಳಗಿಳಿದರೆ ಸೋರಿಕೆ ಅಥವಾ ಮಾಸ್ಟರ್ ಸಿಲಿಂಡರಿನ ದೋಷ. ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದ್ದರೆ ಬೂಸ್ಟರ್ ಕೆಟ್ಟಿರಬಹುದು. ಇದರ ಪರೀಕ್ಷೆ ಸುಲಭ: ಎಂಜಿನ್ ನಿಲ್ಲಿಸಿ ಪೆಡಲನ್ನು ನಾಲ್ಕೈದು ಬಾರಿ ಒತ್ತಿ, ಒತ್ತಿಹಿಡಿದೇ ಎಂಜಿನ್ ಚಾಲೂ ಮಾಡಬೇಕು. ಪೆಡಲ್ ಕೊಂಚ ಕೆಳಗಿಳಿದರೆ ಬೂಸ್ಟರ್ ಸರಿಯಿದೆ. ಬ್ರೇಕ್ ಹಿಡಿದಾಗ ಕಾರು ಒಂದು ಬದಿಗೆ ಎಳೆದರೆ ಅಥವಾ ಒಂದೇ ಚಕ್ರ ವಿಪರೀತ ಬಿಸಿಯಾದರೆ ಕ್ಯಾಲಿಪರ್ ಸಿಕ್ಕಿಕೊಂಡಿರುವ ಸಾಧ್ಯತೆಯಿದೆ.

ಘಾಟಿ ಇಳಿಯುವಾಗ

ಬ್ರೇಕಿನ ನಿಜವಾದ ಪರೀಕ್ಷೆ ನಡೆಯುವುದು ಕೊಟ್ಟಿಗೆಹಾರದಿಂದ ಚಾರ್ಮಾಡಿಗೆ, ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಂಥ ರಸ್ತೆಗಳಲ್ಲಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ಮಾನದಂಡ. ತೇವ ಸೇರಿದ ಆಯಿಲ್‌ಗೆ ಈ ಮಿತಿ 155 ಡಿಗ್ರಿ ಮಾತ್ರ. ಇಳಿಜಾರಿನುದ್ದಕ್ಕೂ ಪೆಡಲ್ ಒತ್ತಿಯೇ ಇದ್ದರೆ ಹಳೆಯ ಆಯಿಲ್ ಕುದಿದು ಆವಿಯಾಗುತ್ತದೆ. ಆವಿ ಸುಲಭವಾಗಿ ಕುಗ್ಗುವುದರಿಂದ ಪೆಡಲ್ ಕೆಳಗಿಳಿದರೂ ಬ್ರೇಕ್ ಹಿಡಿಯದು. ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕೆನ್ನುವುದು ಇದಕ್ಕಾಗಿಯೇ.

ಏರುವಾಗ ಬಳಸುವ ಗೇರಿನಲ್ಲಿಯೇ ಇಳಿಯಬೇಕು. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯುವುದು ಅಪಾಯಕ್ಕೆ ಆಹ್ವಾನ. ಸುಟ್ಟ ವಾಸನೆ ಬಂದರೆ ಬದಿಗೆ ನಿಲ್ಲಿಸಿ ತಣಿಯಲು ಬಿಡಬೇಕು. ಬಿಸಿ ಡಿಸ್ಕ್ ಮೇಲೆ ನೀರು ಸುರಿದರೆ ಅದು ಡೊಂಕಾಗಬಹುದು ಅಥವಾ ಬಿರುಕು ಬಿಡಬಹುದು.

ಬ್ರೇಕ್ ಹಿಡಿಯದಿದ್ದರೆ

ಪೆಡಲನ್ನು ಬೇಗಬೇಗನೆ ಹಲವು ಬಾರಿ ಒತ್ತಬೇಕು. ಜೊತೆಗೆ ಒಂದೊಂದಾಗಿ ಕೆಳ ಗೇರಿಗೆ ಬರಬೇಕು. ಹ್ಯಾಂಡ್ ಬ್ರೇಕನ್ನು ಒಮ್ಮೆಲೇ ಜಗ್ಗದೆ, ಗುಂಡಿ ಒತ್ತಿಹಿಡಿದು ಸ್ವಲ್ಪ ಸ್ವಲ್ಪವೇ ಎಳೆಯಬೇಕು. ಹಜಾರ್ಡ್ ದೀಪ ಹಾಕಿ, ಹಾರ್ನ್ ಬಾರಿಸಿ ಇತರರನ್ನು ಎಚ್ಚರಿಸಬೇಕು. ಕಾರು ನಿಲ್ಲುವವರೆಗೆ ಕೀಲಿ ತಿರುಗಿಸಿ ಎಂಜಿನ್ ಆರಿಸಬಾರದು. ಆರಿಸಿದರೆ ಸ್ಟೀರಿಂಗ್ ಗಡುಸಾಗುತ್ತದೆ.

ಗ್ಯಾರೇಜಿನಲ್ಲಿ 'ಬ್ರೇಕ್ ನೋಡಿ' ಎಂದಷ್ಟೇ ಹೇಳಿ ಬರುವುದು ಸಾಲದು. ಯಾವ ದೀಪ ಬೆಳಗಿತು, ಸದ್ದು ಯಾವ ಚಕ್ರದ ಬಳಿ ಬಂತು, ಬಿಸಿಯಾದ ಮೇಲೆ ಹೆಚ್ಚಿತೇ ಎಂಬುದನ್ನು ತಿಳಿಸಬೇಕು. ಆಯಿಲ್ ತುಂಬಿದ್ದರೆ ಅದು ಕಡಿಮೆಯಾದದ್ದೇಕೆ ಎಂದು ಕೇಳಿ, ಕಳಚಿದ ಹಳೆಯ ಪ್ಯಾಡುಗಳನ್ನು ಕಣ್ಣಾರೆ ನೋಡಿ ಬರುವುದು ಒಳ್ಳೆಯದು.